ಟೀಚರ್ ಓದಲು ತಡಮಾಡಿದ ವರ್ಷ

ಶಾಲೆಗೆ ಕಂಪ್ಯೂಟರ್‌ಗಳು ಬಂದವು. ಕಲಿಸುವವರು ಬರಲಿಲ್ಲ. ಎಷ್ಟು ಊರುಗಳಲ್ಲಿ ಹೀಗಾಗಿಲ್ಲ ಹೇಳಿ? ಈ ಊರಿನಲ್ಲೂ ಹಾಗೇ ಆಯಿತು. ಗಣಿತದ ಟೀಚರ್ ವಯಸ್ಸಿನಲ್ಲಿ ಚಿಕ್ಕವಳು, ಮೊಬೈಲ್ ಚೆನ್ನಾಗಿ ಬಳಸುತ್ತಾಳೆ ಎಂದು ಹೆಡ್‌ಮಾಸ್ಟರು ಕಂಪ್ಯೂಟರ್ ಕೋಣೆಯ ಬೀಗದಕೈ ಅವಳಿಗೆ ಕೊಟ್ಟರು. ಒಂದು ಚಿಕ್ಕ ತರಬೇತಿಯೂ ನಡೆಯಿತು. ಅಂದಿನಿಂದ ಅವಳು ಕಂಪ್ಯೂಟರ್ ಟೀಚರ್.

ಮೊದಮೊದಲು ಕಷ್ಟವಿರಲಿಲ್ಲ. ಟೈಪ್ ಮಾಡುವುದು, ಚಿತ್ರ ಬಿಡಿಸುವುದು, ಇಷ್ಟೇ. ಆಮೇಲೆ ಪಾಠಪುಸ್ತಕ ಬದಲಾಯಿತು. ಮಕ್ಕಳೇ ಪ್ರೋಗ್ರಾಂ ಬರೆಯಬೇಕು ಎಂದಾಯಿತು. ಟೀಚರ್ ಹಿಂದಿನ ದಿನ ಪುಸ್ತಕ ಓದಿಕೊಂಡು ಹೋಗುವಳು. ಅದರಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಇಳಿಸುವಳು. ಮಕ್ಕಳು ಗಿಣಿಪಾಠ ಒಪ್ಪಿಸುವರು. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ಯಾರಿಗೂ ದೂರಿಲ್ಲ.

ಒಂದು ಭಾನುವಾರ ಅದೇ ಶಾಲೆಯ ವಿಜ್ಞಾನದ ಟೀಚರ್ ಇವಳ ಮನೆಗೆ ಬಂದಳು. ಇವಳಿಗಿಂತ ಹಿರಿಯಳು. ಇವಳು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

"ಯೂನಿವರ್ಸಿಟೀಲಿ ಕಂಪ್ಯೂಟರ್ ಕಲಿಸೋರಿಗೆ ಅಂತಲೇ ಒಂದು ಮಾಸ್ಟರ್ ಡಿಗ್ರಿ ಇದೆ ಕಣೇ," ಎಂದಳು ಅಕ್ಕ. "ಕೆಲಸ ಬಿಡಬೇಕಾಗಿಲ್ಲ. ರಜೇಲಿ ಅಲ್ಲಿಗೆ ಹೋಗಬೇಕು, ಉಳಿದ ದಿನ ಸಂಜೆ ಮನೇಲೇ ಆನ್‌ಲೈನ್ ಪಾಠ. ವಿಷಯಾನೂ ಹೇಳ್ಕೊಡ್ತಾರೆ, ಅದನ್ನ ಮಕ್ಕಳ ತಲೆಗೆ ದಾಟಿಸೋದು ಹೇಗೆ ಅಂತಾನೂ ಹೇಳ್ಕೊಡ್ತಾರೆ. ಅರ್ಜಿ ಹಾಕು."

ಟೀಚರ್ ಉತ್ತರ ಕೊಡುವ ಮೊದಲೇ ಕಿಟಕಿಯ ಪಕ್ಕದಿಂದ ಅವಳ ಮಾವ ಗಂಟಲು ಸರಿಮಾಡಿಕೊಂಡರು. ಅವರು ಟೈಪಿಂಗ್ ಮೇಷ್ಟ್ರು. ಬಸ್‌ಸ್ಟಾಂಡಿನ ಎದುರು ಮಹಡಿಯ ಮೇಲೆ ಬಹಳ ಕಾಲ ಟೈಪಿಂಗ್ ಶಾಲೆ ನಡೆಸಿದವರು. ಈಗ ಮೊಮ್ಮಗಳ ಬೂಟಿಗೆ ಲೇಸು ಪೋಣಿಸುತ್ತ ಕೂತಿದ್ದರು.

"ಕಲಿಸೋರಿಗೆ ಮತ್ತೆ ಕಲಿಕೆ ಏನಕ್ಕಮ್ಮ? ನಂಗೆ ಯಾವ ಡಿಗ್ರಿ ಇತ್ತು? ಕೈ ಓಡಿದ್ರೆ ಸಾಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ಆ ಒಕ್ಕಾಲೂ ಇಲ್ಲದೆ ಕುಂಟ್ತಾ ಇದೀವಲ್ಲ ಮೇಷ್ಟ್ರೇ," ಎಂದಳು ಅಕ್ಕ.

ಮೇಷ್ಟ್ರು ನಗಲಿಲ್ಲ. "ರಜೆ ಪೂರ್ತಿ ಇವಳು ಅಲ್ಲಿದ್ರೆ ಈ ಮಗೂನ ನೋಡೋರು ಯಾರು? ನನ್ನ ಮಗನದ್ದು ಆಸ್ಪತ್ರೇಲಿ ಪಾಳಿ ಕೆಲಸ. ಅವನು ಮನೇಲಿದ್ದಾಗ ನಿದ್ದೇಲಿರ್ತಾನೆ. ನಂಗೆ ಹಾಲು ಕಾಯಿಸೋಕೂ ಬರಲ್ಲ."

ಟೀಚರ್ ಮಾವನ ಮುಖ ನೋಡಿದಳು, ಮಗಳ ಮುಖ ನೋಡಿದಳು. "ಮುಂದಿನ ವರ್ಷ ನೋಡೋಣ ಅಕ್ಕ," ಎಂದಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಸೊಸೆ ಮರೆತುಹೋಗಿದ್ದ ಕನ್ನಡಕ ಕೊಡಲು ಮೇಷ್ಟ್ರು ಶಾಲೆಗೆ ಹೋದರು. ಪಾಠ ನಡೆಯುತ್ತಿತ್ತು. ಮುಗಿಯಲಿ ಎಂದು ಬಾಗಿಲ ಬಳಿ ನಿಂತರು. ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮನ್ನು ಮಕ್ಕಳು ಸಾಲುಸಾಲಾಗಿ ರಾಗವಾಗಿ ಹೇಳುತ್ತಿದ್ದರು. ಆಗ ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಸದಾ ಯಾಕೆ ಯಾಕೆ ಎನ್ನುತ್ತಾಳೆಂದು ಅವಳಿಗೆ ತರಗತಿಯವರು ಇಟ್ಟ ಹೆಸರು ಯಾಕಮ್ಮ.

"ಟೀಚರ್, ಹತ್ತು ಹೆಸರು ಕೊಟ್ರೆ ತಕ್ಷಣ ಜೋಡಿಸ್ತು. ಇಡೀ ಊರಿನವರ ಹೆಸರು ಕೊಟ್ಟು ನೋಡ್ದೆ, ಎಷ್ಟು ಹೊತ್ತಾದ್ರೂ ಮುಗೀಲಿಲ್ಲ. ಯಾಕೆ? ಬೇರೆ ದಾರಿ ಇಲ್ವಾ?"

ಟೀಚರ್ ಕೈಲಿದ್ದ ಪುಸ್ತಕದ ಕಡೆ ನೋಡಿದಳು. "ಪರೀಕ್ಷೇಲಿ ಹತ್ತೇ ಹೆಸರು ಬರೋದು. ಪುಸ್ತಕದಲ್ಲಿರೋ ಹಾಗೆ ಬರಿ. ಕೂತ್ಕೋ."

ತರಗತಿ ನಕ್ಕಿತು. ಹುಡುಗಿ ಕೂತಳು. ಟೀಚರ್ ಬೋರ್ಡಿನ ಕಡೆ ತಿರುಗಿ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅದನ್ನು ಕಂಡದ್ದು ಬಾಗಿಲಲ್ಲಿದ್ದ ಮಾವ ಒಬ್ಬರೇ.

ಸಂಜೆ ಮೇಷ್ಟ್ರು ಕೇಳಿದರು. "ಆ ಮಗು ಕೇಳಿದ್ದಕ್ಕೆ ಉತ್ತರ ಏನಮ್ಮ?"

"ಗೊತ್ತಿಲ್ಲ ಮಾವ."

"ಗೊತ್ತಿಲ್ಲ, ನೋಡಿ ಹೇಳ್ತೀನಿ ಅನ್ನಬಹುದಿತ್ತಲ್ಲ."

"ಒಂದು ದಿನ ಹಾಗನ್ನಬಹುದು. ದಿನಾ ಹಾಗಂದ್ರೆ ಟೀಚರ್ ಅಂತ ಯಾರು ಕರೀತಾರೆ?"

ಊಟ ಮುಗಿಸಿ ಮೇಷ್ಟ್ರು ಕೈ ತೊಳೆದು ಬಂದರು. ಆಮೇಲೆ ತಾವಾಗಿಯೇ ಶುರುಮಾಡಿದರು. "ನನ್ನ ಶಾಲೆ ತುಂಬಿ ತುಳುಕ್ತಿದ್ದಾಗ ಕಂಪ್ಯೂಟರ್ ಕಲೀರಿ ಅಂತ ನಂಗೂ ಒಬ್ರು ಹೇಳಿದ್ರು. ಟೈಪಿಂಗ್ ಎಲ್ಲಿಗೆ ಹೋಗುತ್ತೆ ಅಂದೆ. ಆಮೇಲೆ ಮಷೀನುಗಳನ್ನ ಗುಜರಿಯವನು ತಕ್ಕಡಿಗೆ ಹಾಕೋವಾಗ ಪಕ್ಕದಲ್ಲೇ ನಿಂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ನಿಂಗೂ ಅದೇ ದಾರಿ ತೋರಿಸ್ದೆ ನೋಡು. ನಾಳೆ ಅರ್ಜಿ ಹಾಕು. ಮಗೂನ ನಾನು ನೋಡ್ಕೋತೀನಿ."

"ಕೊನೇ ದಿನ ಹೋದ ವಾರವೇ ಮುಗೀತು ಮಾವ."

ವರ್ಷದ ಕೊನೆಗೆ ಮಕ್ಕಳು ಮುಂದಿನ ಓದಿಗೆ ವಿಷಯ ಆರಿಸಿಕೊಂಡರು. ಯಾಕಮ್ಮ ಕಂಪ್ಯೂಟರ್ ಬಿಟ್ಟಿದ್ದಳು. ಟೀಚರ್ ಅವಳನ್ನು ಕರೆದು ಕಾರಣ ಕೇಳಿದಳು. ಹುಡುಗಿಗೆ ಕೋಪವಿರಲಿಲ್ಲ. "ಅದು ನನ್ನ ತಲೆಗೆ ಹತ್ತಲ್ಲ ಟೀಚರ್. ಸುಮ್ನೆ ಏನೇನೋ ಕೇಳ್ತಿರ್ತೀನಿ," ಎಂದಳು.

ಮರುವರ್ಷ ಟೀಚರ್ ಸ್ನಾತಕೋತ್ತರ ಓದಿಗೆ ಸೇರಿದಳು. ಸುಲಭವಾಗಲಿಲ್ಲ. ರಜೆಯಲ್ಲಿ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಮಗಳಿಗೆ ಫೋನು ಮಾಡಿ, ಇಟ್ಟ ಮೇಲೆ ಅಳುತ್ತಿದ್ದಳು. ಇತ್ತ ಮೇಷ್ಟ್ರು ಹಾಲು ಉಕ್ಕಿಸಿದರು, ಪಾತ್ರೆ ಸೀಯಿಸಿದರು, ಕೊನೆಗೆ ಕಲಿತರು. ಗಂಡ ಪಾಳಿ ಬದಲಾಯಿಸಿಕೊಂಡ. ಅವನು ಅದನ್ನು ಹಿಂದಿನ ವರ್ಷವೇ ಮಾಡಬಹುದಿತ್ತು. ಅವನನ್ನು ಆಗ ಯಾರೂ ಕೇಳಿರಲಿಲ್ಲ, ಅವನೂ ತಾನಾಗಿ ಬಾಯಿ ಬಿಟ್ಟಿರಲಿಲ್ಲ.

ಓದುತ್ತ ಟೀಚರಿಗೆ ಯಾಕಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಾಠಪುಸ್ತಕದ ದಾರಿ ಪಕ್ಕಪಕ್ಕದ ಹೆಸರುಗಳನ್ನು ಮತ್ತೆ ಮತ್ತೆ ಹೋಲಿಸುತ್ತದೆ. ಹೆಸರು ಹತ್ತು ಪಟ್ಟಾದರೆ ಕೆಲಸ ಸುಮಾರು ನೂರು ಪಟ್ಟಾಗುತ್ತದೆ. ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹೋಗಿ, ಜೋಡಿಸಿ, ಮತ್ತೆ ಕೂಡಿಸುವ ಬೇರೆ ದಾರಿ ಇದೆ, ಅದು ಬಹಳ ಬೇಗ ಮುಗಿಯುತ್ತದೆ. ಹುಡುಗಿ ಕೇಳಿದ್ದು ತಲೆಹರಟೆಯಾಗಿರಲಿಲ್ಲ. ಆ ವಿದ್ಯೆಯ ಮೂಲ ಪ್ರಶ್ನೆಗಳಲ್ಲೊಂದು ಅದು.

ಆ ರಜೆ ಮುಗಿದು ಊರಿಗೆ ಬಂದಾಗ ಬಸ್ಸಿನಲ್ಲಿ ಯಾಕಮ್ಮ ಸಿಕ್ಕಳು. ಬೇರೇನೋ ಓದುತ್ತಿದ್ದಳು, ಚೆನ್ನಾಗಿಯೇ ಇದ್ದಳು. ಟೀಚರ್ ಪಕ್ಕದಲ್ಲಿ ಕೂತು ಹೇಳಿದಳು, "ಅವತ್ತು ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು ಕಣಮ್ಮ. ಉತ್ತರ ನಂಗೆ ಗೊತ್ತಿರಲಿಲ್ಲ."

"ಯಾವ ಪ್ರಶ್ನೆ ಟೀಚರ್?" ಎಂದಳು ಹುಡುಗಿ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ಮನೆಗೆ ಬಂದು ಟೀಚರ್ ಇದನ್ನು ಹೇಳಿದಾಗ ಮೇಷ್ಟ್ರು ಕೈಲಿದ್ದ ಲೋಟ ಕೆಳಗಿಟ್ಟರು. "ಆ ಒಂದು ವರ್ಷ ನಾನು ತಿಂದದ್ದಮ್ಮ," ಎಂದರು. ಅಲ್ಲ ಎಂದು ಸೊಸೆ ಹೇಳಬಹುದಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಕೂತಳು. ಈಗ ಪಕ್ಕದ ಊರಿನ ಶಾಲೆಯ ಯಾರಾದರೂ ಈ ಓದಿನ ಬಗ್ಗೆ ವಿಚಾರಿಸಲು ಬಂದರೆ, ಅವರ ಮನೆಯವರ ಹತ್ತಿರ ಮೇಷ್ಟ್ರೇ ಹೋಗಿ ಮಾತಾಡುತ್ತಾರೆ.

ಕಂಪ್ಯೂಟರ್ ಕಲಿಸುವ ಟೀಚರೇ, ಮೇಷ್ಟ್ರೇ, ನಿಮ್ಮ ಹತ್ತಿರದ ಯೂನಿವರ್ಸಿಟಿಯಲ್ಲಿ ಇಂಥ ಓದು ಇದೆಯೇ ಎಂದು ಈ ವಾರವೇ ಕೇಳಿ ನೋಡಿ. ಅದಕ್ಕೆ ಮಾನ್ಯತೆ ಇದೆಯೇ, ರಜೆ ಸಿಗುತ್ತದೆಯೇ, ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ವಿಚಾರಿಸಿ. ಅರ್ಜಿಯ ಕೊನೇ ದಿನ ತಿಳಿದುಕೊಳ್ಳಿ. ಮನೆಯವರೇ, ಅವರು ಕೇಳುವ ಮೊದಲೇ "ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ಹೋಗಿ ಬಾ" ಎನ್ನಿ. ಟೀಚರ್ ಮುಂದಿನ ವರ್ಷವೂ ಓದಬಹುದು. ಆದರೆ ಮಕ್ಕಳು ಒಂದು ತರಗತಿಯಲ್ಲಿ ಇರುವುದು ಒಂದೇ ವರ್ಷ.