ಜರಡಿ ರೇಡಿಯೋ

ರೇಡಿಯೋ ರಿಪೇರಿಯವನ ಕಿವಿ ಅಂಥಿಂಥ ಕಿವಿಯಲ್ಲ. ಮೂರು ಬೀದಿಯಾಚೆ ಇರುವೆ ಆಕಳಿಸಿದರೂ, ಅದು ನಿದ್ದೆಗೋ ಹಸಿವಿಗೋ ಎಂದು ಹೇಳಬಲ್ಲ ಕಿವಿ. ಊರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿತ್ತು. ಆವತ್ತು ಬೆಳಿಗ್ಗೆ ಆ ಕಿವಿಗೆ ಬಿದ್ದದ್ದು ತಂಗಿಯ ಕೂಗು.

"ಅಣ್ಣಾ, ಸುರಂಗ ಕುಸಿದಿದೆ. ಇವರು ಒಳಗಿದಾರೆ!"

ಸುರಂಗದ ಕೆಲಸಕ್ಕೆ ಹೋಗುತ್ತಿದ್ದ ತಂಗಿಯ ಗಂಡನ ಸೊಂಟಪಟ್ಟಿಯಲ್ಲಿ ಕಿವಿಯಣ್ಣನೇ ಮಾಡಿಕೊಟ್ಟ ಡಬ್ಬಿಯಿತ್ತು. ಆಪತ್ತು ಬಂದರೆ ನೆಲದ ಮೇಲೆ ಮಟ್ಟಸವಾಗಿಟ್ಟು ಗುಂಡಿ ಒತ್ತಬೇಕು. 'ಟಕ್, ಟಕ್' ಎಂದು ಸಂಕೇತ ಕಳಿಸುತ್ತದೆ. ಮಾಮೂಲಿ ರೇಡಿಯೋ ಅಲೆ ಬಂಡೆಗೆ ಹಣೆ ಚಚ್ಚಿಕೊಂಡು ಸಾಯುತ್ತದೆ. ತೀರಾ ಕೆಳಗಿನ ಫ್ರೀಕ್ವೆನ್ಸಿಯ ಸೋಮಾರಿ ಅಲೆಯೊಂದೇ ಗುಡ್ಡವನ್ನು ತೂರಿ ಹೊರಬರುವುದು. ಅದನ್ನು ಹಿಡಿಯುವ ರಿಸೀವರ್ ಅಂಗಡಿಯಲ್ಲಿ ಎರಡಿದ್ದವು.

ಒಂದು, ಗಜರಾಜ. ನಲವತ್ತು ಗುಂಡಿ, ನಾಲ್ಕಾಳಿನ ಭಾರ, ನೂರು ಮಾರು ಆಂಟೆನಾ ತಂತಿ. ಏಳು ಸಮುದ್ರದಾಚೆ ಮಿಂಚಿದರೆ ಇಲ್ಲಿ ಚಟಚಟ ಎನ್ನುವ ದೈತ್ಯ. ಇನ್ನೊಂದು, ತಂಗಿ ಹಳೇ ಕಿಟಕಿ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ ಮಾಡಿದ್ದು. ರಜೆಯ ದಿನ ಗಂಡ ಹಿತ್ತಲಲ್ಲಿ ಡಬ್ಬಿ ಹೂತಿಡುತ್ತಿದ್ದ, ಹೆಂಡತಿ ಇದನ್ನು ಹಿಡಿದು ಹುಡುಕುತ್ತಿದ್ದಳು. ಕಿವಿಯಣ್ಣ ಅದಕ್ಕೆ ಜರಡಿ ಎಂದು ಹೆಸರಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಜರಡಿ ತಗೊಳೋಣ ಅಣ್ಣ."

"ಸುಮ್ನಿರೇ! ಪ್ರಾಣದ ಪ್ರಶ್ನೆ ಇದು, ಹಿಟ್ಟು ಜರಡಿ ಹಿಡಿಯೋ ಹೊತ್ತಲ್ಲ."

ಗಜರಾಜ ಗುಡ್ಡ ಹತ್ತಿತು. ಸುರಂಗದ ಮೇಸ್ತ್ರಿ ಕೊರೆಯುವ ಯಂತ್ರದ ಪಕ್ಕ ಕಾದು ನಿಂತಿದ್ದ. "ನೋಡಪ್ಪಾ, ಮಧ್ಯಾಹ್ನಕ್ಕೆ ಒಳಗಿನ ಗಾಳಿ ಮುಗಿಯುತ್ತೆ. ಒಂದೇ ಒಂದು ತೂತು ಕೊರೆಯೋಷ್ಟು ಹೊತ್ತಿದೆ. ಜಾಗ ತೋರಿಸು."

ಕಿವಿಯಣ್ಣ ಗುಂಡಿ ತಿರುಗಿಸಿದ. 'ಗುಂಯ್' ಎಂದು ಸಾವಿರ ಕೋಟಿ ಜೇನುಹುಳು ಒಟ್ಟಿಗೇ ಮೇಲೆದ್ದವು. ನೀರೆತ್ತುವ ಪಂಪುಗಳ ಕರೆಂಟಿನ ಸದ್ದು ಅದು.

"ಪಂಪು ನಿಲ್ಲಿಸ್ರೀ!"

"ನಿಲ್ಲಿಸಿದ್ರೆ ನೀರು ತುಂಬಿ ಮುಳುಗ್ತಾನೆ ಕಣಯ್ಯಾ!"

ಒಂದು ಗಂಟೆ ನಲವತ್ತು ಗುಂಡಿಗಳ ಜೊತೆ ಗುದ್ದಾಡಿದ. ಜಗತ್ತನ್ನೆಲ್ಲ ಕೇಳುವ ಗಜರಾಜನಿಗೆ ಆ ಒಂದು ಟಕ್ ಕೇಳಲಿಲ್ಲ. ಅಂಗಿ ಹಿಂಡಿದರೆ ಕೆರೆ ತುಂಬುವಷ್ಟು ಬೆವರು. ತಂಗಿ ಬೆನ್ನಿಗೆ ಕಟ್ಟಿ ತಂದಿದ್ದ ಜರಡಿಯನ್ನು ಬಿಚ್ಚಿ ಅಣ್ಣನ ಕೈಗಿಟ್ಟಳು. "ನಿನ್ನಂಥ ಕಿವಿ ನನಗಿಲ್ಲ. ನೀನೇ ಹಿಡಿ."

ಹೆಡ್‌ಫೋನ್ ಹಾಕಿ, ಚೌಕಟ್ಟನ್ನು ನೆಟ್ಟಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಪಂಪುಗಳ ಸದ್ದಿಗೆ ಜರಡಿ ಕಿವುಡಾಗುವ ಒಂದು ದಿಕ್ಕಿಗೆ ಬಂದದ್ದೇ ಜೇನುಹುಳುಗಳು ತೆಪ್ಪಗಾದವು. ಅದರಡಿಯಿಂದ: ಟಕ್. ಟಕ್.

"ಇದಾನೆ! ಇದಾನೆ ಕಣೇ!"

ಕಲ್ಲು ಮುಳ್ಳು ನೋಡದೆ ನಡೆದ. ಟಕ್ ಜೋರಾಯಿತು, ಸುತ್ತಿಗೆ ಏಟಾಯಿತು. ಇನ್ನೆರಡು ಹೆಜ್ಜೆ ಇಟ್ಟದ್ದೇ ತಡ, ಇಳಿದಿಳಿದು ನಿಂತೇಹೋಯಿತು. ಜರಡಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದ. ಇಲ್ಲ. ಗಜರಾಜನಿಗೆ ಸುರಿದ ಆ ಒಂದು ಗಂಟೆ ಎದೆಯ ಮೇಲೆ ಬಂಡೆಯ ಹಾಗೆ ಕೂತಿತು. ಅವನು ಅಲ್ಲೇ ನೆಲಕ್ಕೆ ಕುಕ್ಕರಿಸಿದ.

"ನಿಂತೋಯ್ತಮ್ಮಾ. ನನ್ನ ಜಂಬಕ್ಕೆ ನಿನ್ನ ಗಂಡನ್ನ..."

ಮೇಸ್ತ್ರಿ ತಲೆಯ ಹೆಲ್ಮೆಟ್ ತೆಗೆದ.

"ಅಣ್ಣಾ, ಅಲ್ಲಾಡಬೇಡ!" ತಂಗಿ ಓಡಿಬಂದಳು. "ಜರಡಿ ಮಲಗಿಸು."

"ಏನು?"

"ಹಿಟ್ಟು ಜರಡಿ ಹಿಡಿಯೋ ಹಾಗೆ, ಅಡ್ಡ. ಸರಿಯಾಗಿ ನೆತ್ತಿ ಮೇಲೆ ನಿಂತ್ರೆ, ನೆಟ್ಟಗೆ ಹಿಡಿದ ಜರಡಿ ಮೂಗಿ ಆಗುತ್ತೆ. ಹಿತ್ತಲಲ್ಲಿ ನೂರು ಸಲ ಆಗಿದೆ."

ಕಿವಿಯಣ್ಣ ಮಲಗಿಸಿದ. ಜೇನುಹುಳುಗಳ ನಡುವೆಯೂ ಕಿವಿ ಹರಿಯುವಂತೆ ಟಕ್! ಎರಡೂ ಕೈಯಿಂದ ನೆಲ ಬಡಿದ. "ಇಲ್ಲೇ! ನಾನು ಕೂತಿರೋ ಜಾಗದಲ್ಲೇ ಕೊರೀರಿ!"

ಕೊರೆಯುವುದು ಮುಗಿಯುವ ತನಕ ತಂಗಿ ಅವನ ಅಂಗಿ ಬಿಡಲಿಲ್ಲ. ಕೊನೆಗೆ ಪೈಪಿಳಿಸಿ ಮೇಸ್ತ್ರಿ ಗಾಳಿ ಬಿಟ್ಟ. ಎಲ್ಲರೂ ಪೈಪಿನ ಸುತ್ತ ಬಗ್ಗಿದರು. ಬಹಳ ಹೊತ್ತಿನ ಮೇಲೆ ಪೈಪಿನೊಳಗಿಂದ ಕೆಮ್ಮು, ಆಮೇಲೆ ಸಣ್ಣ ದನಿ:

"ಭಾವಾ... ಇಷ್ಟು ಹೊತ್ತಾ? ಮೊದಲು ಗಜರಾಜನ್ನ ತಂದಿದ್ರಾ?"

ತಂಗಿ ಪೈಪಿಗೆ ಬಾಯಿಟ್ಟು ಬಿಕ್ಕಿ ಬಿಕ್ಕಿ ನಕ್ಕಳು. ಇರುವೆಯ ಆಕಳಿಕೆ ಕೇಳುವ ಕಿವಿಯಣ್ಣನಿಗೆ ಮಾತ್ರ ಆ ಪ್ರಶ್ನೆ ಕೇಳಿಸಲೇ ಇಲ್ಲವಂತೆ. ಜರಡಿಯ ಮಣ್ಣನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದ.