ವಸೀಲಾ ಭಕ್ತಿಗಾಯಕಿಯಾದದ್ದು

ಅಲೆಪ್ಪೊದ ನಮ್ಮ ಸಣ್ಣ ಬಾನುಲಿ ಕೇಂದ್ರಕ್ಕೆ ಲುತ್ಫಿ ಸಾಹೇಬರು ಸಂಗೀತದ ಮುಖ್ಯಸ್ಥರಾಗಿ ಬಂದಾಗ ನಾನು ಅಲ್ಲಿ ಕಾನೂನ್ ನುಡಿಸುತ್ತಿದ್ದೆ. ನಮ್ಮಲ್ಲಿ ಕಾನೂನ್ ಎಂದರೆ ಮಡಿಲಲ್ಲಿಟ್ಟು ಮೀಟುವ ತಂತಿವಾದ್ಯ. ಸಾಹೇಬರು ಪ್ಯಾರಿಸ್ಸಿನಲ್ಲಿ ಓದಿದವರು. ಬಂದವರೇ ನಮ್ಮ ಸಂಗೀತವೆಲ್ಲ ಕಲಸುಮೇಲೋಗರವಾಗಿದೆ ಎಂದರು. ಮಕಾಮ್, ಅಂದರೆ ರಾಗ, ನೋಡಿ ವಿಂಗಡಿಸಲು ಹೊರಟರೆ ಮಸೀದಿಯ ಬಾಂಗೂ ಜೋಗುಳವೂ ಒಂದೇ ಕಡೆ ಬಂದವು. ತಾಳ ನೋಡಿದರೆ ಪಂಡಿತರೂ ಮದುವೆಮನೆಯವರೂ ಒಂದೇ ಸಾಲಿಗೆ ಬಂದರು. ಕೊನೆಗೆ ಮೂರೇ ಜಾತಿ ಮಾಡಿದರು: ಭಕ್ತಿಗೆ ಶುಕ್ರವಾರ ಬೆಳಿಗ್ಗೆ, ಶಾಸ್ತ್ರೀಯಕ್ಕೆ ಸಂಜೆ, ಜನಪದಕ್ಕೆ ಊರೆಲ್ಲ ಉಂಡು ಮಲಗುವ ಮಧ್ಯಾಹ್ನ. ಸಾಹಿತ್ಯ ನೋಡಿಯೇ ತೀರ್ಮಾನ. ಹಾಡುವವರ ಮುಖ ನೋಡಿ ಅಲ್ಲ.

ಶೇಖ್ ನೂಮಾನ್ ಸೂಫಿಗಳ ಮಠದ ಹಿರಿಯ ಹಾಡುಗಾರರು. ವಸೀಲಾ ಮದುವೆಗಳಲ್ಲಿ ಹೆಂಗಸರ ಕೋಣೆಯಲ್ಲಿ ದಮ್ಮಡಿ ಬಡಿದು ಹಾಡುವವಳು. ಇಬ್ಬರದೂ ಒಂದೇ ಮಟ್ಟು. ನಮ್ಮದನ್ನು ಅವರ ಹಿರಿಯರು ಕದ್ದರು ಎಂದು ಇಬ್ಬರೂ ಹೇಳುತ್ತಿದ್ದರು. ಲುತ್ಫಿ ಇಬ್ಬರನ್ನೂ ಕರೆಸಿದರು.

ಶೇಖ್ ಕಣ್ಣು ಮುಚ್ಚಿ ಹಾಡಿದರು: ತುಂಬಿದ ಬಟ್ಟಲು, ಹೆಂಡದ ಅಮಲು, ನಿದ್ದೆ ಕೆಡಿಸಿದ ಅವಳ ಮುಂಗುರುಳು.

"ಇದರಲ್ಲಿ ದೇವರ ಹೆಸರು ಎಲ್ಲಿದೆ?" ಎಂದರು ಲುತ್ಫಿ.

"ಹೆಂಡ ಅಂದ್ರೆ ಹೆಂಡ ಅಲ್ಲ ಸಾಹೇಬ್ರೆ. ಅವಳು ಅಂದ್ರೆ ಅವಳಲ್ಲ."

"ಮತ್ತೆ?"

"ಗೊತ್ತಿರೋರಿಗೆ ಗೊತ್ತಿರುತ್ತೆ."

"ರೇಡಿಯೋ ಕೇಳೋರು ಗೊತ್ತಿಲ್ದೇ ಇರೋರು, ಶೇಖ್ ಸಾಹೇಬ್ರೆ. ಜನಪದ."

ವಸೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮದುಮಗಳನ್ನು ಸಿಂಗರಿಸುವ ಹಾಡು ಹಾಡಿದಳು. ದೃಷ್ಟಿಯಾಗಬಾರದೆಂದು ಅದರ ಸಾಲುಸಾಲಿನಲ್ಲೂ ಪ್ರವಾದಿಗಳಿಗೆ ಸಲಾಮು. ಲುತ್ಫಿ ಭಕ್ತಿ ಎಂದರು.

"ನಂದಾ? ನಾನು ಆ ಹಾಡಿಗೆ ಸೊಂಟ ಕುಣಿಸ್ತೀನಿ, ಸಾಹೇಬ್ರೆ."

"ರೇಡಿಯೋದಲ್ಲಿ ಸೊಂಟ ಕಾಣಲ್ಲ."

ಹೀಗೆ ಶುಕ್ರವಾರ ಬೆಳಿಗ್ಗೆ ವಸೀಲಾ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಶೇಖ್. ಆದರೆ ಊರು ಮಲಗಲಿಲ್ಲ. ಕಾಫಿ ಅಂಗಡಿಗಳು ರೇಡಿಯೋ ಜೋರು ಮಾಡಿದವು, ಕಂಚುಗಾರರು ಸುತ್ತಿಗೆ ಕೆಳಗಿಟ್ಟರು. ಪ್ರೀತಿಯಲ್ಲಿ ಬಿದ್ದ ಹುಡುಗರು ಕೇಂದ್ರಕ್ಕೆ ಫೋನು ಮಾಡಿ ಮುಂಗುರುಳಿನ ಹಾಡೇ ಬೇಕೆಂದರು. "ನನ್ನ ಮುಂಗುರುಳಿನ ಮಾತು ಒಂದಿನಾನೂ ಎತ್ತಿಲ್ವಲ್ಲ" ಎಂದು ಶೇಖ್ ಸಾಹೇಬರ ಹೆಂಡತಿ ಮಾತು ಬಿಟ್ಟಳಂತೆ.

ವಸೀಲಾಳನ್ನು ಮದುವೆಗಳಿಗೆ ಕರೆಯುವುದು ನಿಂತಿತು; ಭಕ್ತೆಯನ್ನು ಕುಣಿಸುವುದು ಹೇಗೆ? ಬದಲಿಗೆ ದೊಡ್ಡ ಮನೆಗಳಲ್ಲಿ ಪ್ರವಾದಿಗಳ ಹುಟ್ಟುದಿನಕ್ಕೆ ನಡೆಯುವ ಮೌಲಿದ್ ಕೂಟಗಳಿಗೆ ಕರೆ ಬಂತು. ಅದುವರೆಗೆ ಅಡುಗೆಮನೆಯ ಬಾಗಿಲಿಂದ ಹೋಗಿ ಕೊನೆಯ ಪಂಕ್ತಿಯಲ್ಲಿ ಉಂಡವಳಿಗೆ ಈಗ ಮುಂಬಾಗಿಲು, ಪನ್ನೀರು, ಒಳ್ಳೆಯ ದಿಂಬು. "ಮೊದಮೊದಲು ಆ ದಿಂಬಿಗೆ ಒರಗೋಕೆ ಭಯ ಆಗ್ತಿತ್ತು ಅಣ್ಣಾ. ಯಾರಾದ್ರೂ ಬಂದು ಏಳು ಅಂತಾರೇನೋ ಅಂತ" ಎಂದಳು ನನಗೆ. ಹೇಳುವಾಗ ನಗಲಿಲ್ಲ.

ಮಠದ ಶಿಷ್ಯರು ಕೇಂದ್ರಕ್ಕೆ ಬಂದು ಗಲಾಟೆ ಮಾಡಿದರು. ಲುತ್ಫಿ ಬೆವರಿ, ಇಬ್ಬರನ್ನೂ ಅದಲುಬದಲು ಮಾಡುತ್ತೇನೆಂದರು.

"ಬರೆದಿದ್ದನ್ನ ತಿದ್ದೋದು ನಿಮ್ಮಂಥ ಓದಿದೋರಿಗೆ ಶೋಭೆ ಅಲ್ಲ" ಎಂದರು ಶೇಖ್, ಗಂಭೀರವಾಗಿ.

"ಶೇಖ್ ಸಾಹೇಬ್ರ ಮಾತೇ ನನ್ನ ಮಾತು" ಎಂದಳು ವಸೀಲಾ. ಅವರಿಬ್ಬರು ಒಪ್ಪಿದ ಮೊದಲ ಸಂಗತಿ ಅದು.

ಮರುವರ್ಷ, ಸಂಗೀತವನ್ನು ಇಷ್ಟು ಚೊಕ್ಕವಾಗಿ ವಿಂಗಡಿಸಿದ್ದಕ್ಕೆ ಲುತ್ಫಿ ಬಡ್ತಿ ಪಡೆದು ಡಮಾಸ್ಕಸ್ಸಿಗೆ ಹೋದರು. ಅವರ ಜಾಗಕ್ಕೆ ಬಂದ ಹೊಸಬರು ಹಾಡುವವರ ಮುಖ ನೋಡಿಯೇ ಶೇಖ್ ಅವರನ್ನು ಭಕ್ತಿಗೆ, ವಸೀಲಾಳನ್ನು ಜನಪದಕ್ಕೆ ಹಾಕಿದರು. ಶುಕ್ರವಾರ ಬೆಳಿಗ್ಗೆ ಶೇಖ್ ಅದೇ ಮುಂಗುರುಳನ್ನು ಹಾಡಿದರು. ಕೇಳಲು ಹುಡುಗರು ಏಳಲಿಲ್ಲ.

ವಸೀಲಾಗೆ ಮತ್ತೆ ಸಿಕ್ಕ ಮೊದಲ ಮದುವೆ ನನ್ನ ತಂಗಿಯ ಮನೆಯದು. ತಂಗಿ ಹೊಸ್ತಿಲಲ್ಲೇ ತಡೆದಳು: "ಹಿಂದ್ಗಡೆಯಿಂದ ಬಾ ವಸೀಲಾ, ಗಂಡಿನ ಕಡೆಯೋರು ಬರೋ ಹೊತ್ತು."

"ಬರ್ಲಿ ಬಿಡಿ. ಅವರ ಜೊತೇಲೇ ಒಳಗೆ ಬರ್ತೀನಿ" ಎಂದು ಅವಳು ದಮ್ಮಡಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು. ನಾನು ಬೀದಿ ನೋಡುತ್ತ ನಿಂತೆ. ಗಂಡಿನ ಕಡೆಯ ಮುದುಕಿಯರು ಬಂದಾಗ ಅವಳು ಸಲಾಮು ಹೇಳಿದಳು. ಒಬ್ಬಾಕೆ ಅವಳ ದನಿ ಗುರುತಿಸಿ, "ಶುಕ್ರವಾರದೋಳು ನೀನೇ ಅಲ್ವೇನಮ್ಮಾ?" ಎಂದು ಕೈಹಿಡಿದು ಎಬ್ಬಿಸಿದಳು. ಎಲ್ಲರೂ ಅವಳನ್ನು ನಡುವೆ ಇಟ್ಟುಕೊಂಡು ಒಳಗೆ ನಡೆದರು. ತಂಗಿ ಮುಖ ಗಂಟಿಕ್ಕಿಕೊಂಡೇ ಅವಳ ಅಂಗೈಗೂ ಪನ್ನೀರು ಸುರಿದಳು.