ಹರಿದ ಹಾಸಿನ ಹಗ್ಗ

"ತಗೊಳ್ಳಲೇ, ಇದನ್ನ ಹೊಸೆದು ಹಗ್ಗ ಮಾಡು! ಒಂದು ತುದಿ ನಾಯಿ ಕೊಳ್ಳಾಗ ಕಟ್ಟು, ಇನ್ನೊಂದು ತುದಿ ನಿನ್ನ ಕೊಳ್ಳಾಗ ಕಟ್ಟಿಕೋ. ಸಾಲ್ಯಾಗ ಏಳನೇತ್ತ ದಾಟಲಾರದ ಮಗನ, ನಿಮ್ಮಿಬ್ಬರೊಳಗ ಯಾರು ಯಾರನ್ನ ಸಾಕೀರಿ ಅಂತ ಓಣಿಗೆ ಇನ್ನೂ ಗೊತ್ತಾಗವಲ್ದು!"

ಓಣಿಯ ಮಂದಿಯೆಲ್ಲ ನಕ್ಕರು. ಹೀಗೆ ಅಂದು ಗುರುಪಾದಪ್ಪ ಮಾಲಿಂಗನ ಮುಖಕ್ಕೆ ಎಸೆದ ನೂಲಿನ ಗೋಜಲು ಇತ್ತಲ್ಲ, ಅದೇ ನಾನು.

ನಾನು ಒಂದು ಹಗ್ಗ. ಹಗ್ಗ ಆಗಬೇಕೆಂದು ಹುಟ್ಟಿದ್ದಲ್ಲ. ಅವತ್ತು ಬೆಳಗಿನವರೆಗೂ ನಾನು ಸೀರೆ ಆಗುವುದಿತ್ತು. ನಮ್ಮದು ನೇಕಾರರ ಊರು. ಮಗ್ಗಕ್ಕೆ ಏರಿಸುವ ಮೊದಲು ಉದ್ದೆಳೆಗಳನ್ನು ಓಣಿಯ ಈ ತುದಿಯಿಂದ ಆ ತುದಿಗೆ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಾರೆ. ಅದಕ್ಕೆ ಹಾಸು ಎನ್ನುತ್ತಾರೆ. ನಾನು ಹಸಿರು ಹಾಸಾಗಿ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದೆ. ಯಾವ ಮದುಮಗಳ ಮೈಮೇಲೆ ಹೋಗುತ್ತೇನೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದು ಬೆಕ್ಕು ನನ್ನ ಕೆಳಗೆ ನುಸುಳಿತು. ಅದರ ಹಿಂದೆ ಎಂಟು ತಿಂಗಳ ನಾಯಿಯೊಂದು ನನ್ನ ನಟ್ಟನಡುವೆ ಹಾಯ್ದುಹೋಯಿತು. ಅಷ್ಟೂ ಎಳೆ ಒಮ್ಮೆಲೇ ಹರಿದವು.

ಗುರುಪಾದಪ್ಪನದು ನಾಲ್ಕು ದಿನದ ದುಡಿಮೆ. ಸಿಟ್ಟು ಬರಬೇಕಾದ್ದೇ. ಆದರೆ ಮಾಲಿಂಗ ಸಾಲಿ ಬಿಟ್ಟ ಮಾತು ಯಾಕೆ ಬೇಕಿತ್ತು? ಹಾಸು ಹರಿದದ್ದು ನಾಯಿ. ಸಾಲಿ ಬಿಟ್ಟಿದ್ದಕ್ಕೆ ಯಾರ ಹಾಸೂ ಹರಿದಿರಲಿಲ್ಲ.

ಮಾಲಿಂಗ ಮುಷ್ಟಿ ಬಿಗಿದು ಮುಂದೆ ಬಂದ. ಅವನ ಅವ್ವ ತಂಗೆವ್ವ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಕಟ್ಟೆಯ ಮೇಲಿದ್ದ ಹಿರಿಯರು ಅಲ್ಲೇ ತೀರ್ಮಾನ ಹೇಳಿದರು. "ಇನ್ನೊಮ್ಮೆ ಆ ನಾಯಿ ಹಾಸಿನಾಗ ಕಾಲಿಟ್ಟರ ಹೊಳಿ ಆಚೆ ಬಿಟ್ಟು ಬರೂದು. ಆಮ್ಯಾಲ ನಿನ್ನ ಮಾತು ಕೇಳೂದಿಲ್ಲ."

ಆ ನಾಯಿಯ ಹೆಸರು ಲಾಳಿ. ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ ಓಡುತ್ತಿತ್ತು, ಅದಕ್ಕೆ ಆ ಹೆಸರು. ಕಂದು ಮೈ, ಉದ್ದ ಕಾಲು, ಒಳಕ್ಕೆ ಡೊಗರು ಬಿದ್ದ ಹೊಟ್ಟೆ. ಮಾಲಿಂಗ ಅದನ್ನು ಗಟಾರದಿಂದ ಎತ್ತಿ ತಂದು, ತನ್ನ ಹಾಲಿನ ಚಹಾ ಬಿಟ್ಟು ಅದಕ್ಕೆ ಹಾಲು ಕುಡಿಸಿ ಬೆಳೆಸಿದ್ದ.

ಆ ಸಂಜೆ ತಂಗೆವ್ವ ನನ್ನನ್ನು ಬಾಚಿ, ಮೂರು ಪಾಲು ಮಾಡಿ ಹೆಣೆದಳು.

"ಗಟ್ಟಿ ಹೆಣಿಯಬೇ ಅವ್ವಾ."

"ಅದಕ್ಕಾದ್ರ ಇಷ್ಟು ಸಾಕು. ನಿನಗಾದ್ರ ಇನ್ನೆರಡು ಎಳಿ ಬೇಕು, ಹೇಳಿಬಿಡು."

ಅವನು ನಕ್ಕ. ಅವನ ನಗೆಯನ್ನು ನಾನು ಮೊದಲು ನೋಡಿದ್ದು ಆಗಲೇ.

ಲಾಳಿಯನ್ನು ಬಾಗಿಲ ಕಂಬಕ್ಕೆ ಕಟ್ಟಿದರು. ಅದು ಹಗಲೆಲ್ಲ ಊಳಿಟ್ಟಿತು, ನನ್ನನ್ನು ಕಚ್ಚಿತು. ಆ ಹಲ್ಲಿನ ಗುರುತು ಈಗಲೂ ನನ್ನ ಮೈಮೇಲಿದೆ. ಓಡಿಸಿ ದಣಿಸಿದರೆ ಸೊಕ್ಕು ಇಳಿಯುತ್ತದೆ ಎಂದು ಮಾಲಿಂಗ ಲೆಕ್ಕ ಹಾಕಿದ. ಅವನದು ಪವರ್‌ಲೂಮಿನಲ್ಲಿ ಕೂಲಿ. ಕರೆಂಟ್ ಇದ್ದರೆ ಕೆಲಸ, ಹೋದರೆ ಬಿಡುವು. ಕರೆಂಟ್ ಹೋಗುತ್ತಿದ್ದದ್ದು ಮಧ್ಯಾಹ್ನ ಎರಡಕ್ಕೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ, ಹೊಟ್ಟೆ ತುಂಬ ಹಾಲು ರೊಟ್ಟಿ ತಿನ್ನಿಸಿ, ನನ್ನನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಡಾಂಬರು ರಸ್ತೆಯ ಮೇಲೆ ಅದನ್ನು ಓಡಿಸಿದ. ಕರೆಂಟಿನ ವೇಳೆ ನೋಡಿ ಬದುಕುವವರಿಗೆ ಬಿಸಿಲಿನ ವೇಳೆ ಮರೆತುಹೋಗುತ್ತದೆ.

ಮೊದಲು ನಾಯಿ ಅವನನ್ನು ಎಳೆಯಿತು. ಆಮೇಲೆ ಅವನು ನಾಯಿಯನ್ನು ಎಳೆದ. ಒಂದು ಮೈಲಿಯಾದ ಮೇಲೆ ಲಾಳಿ ಕೂತೇಬಿಟ್ಟಿತು, ತಿಂದದ್ದನ್ನೆಲ್ಲ ಕಾರಿತು. ಅಂಗಾಲು ಸುಟ್ಟು ಗುಳ್ಳೆ ಎದ್ದಿದ್ದವು. ಮಾಲಿಂಗ ಅದನ್ನು ಹೆಗಲ ಮೇಲೆ ಹೊತ್ತು ದನದ ದವಾಖಾನೆಗೆ ಓಡಿದ. ನಾನು ಅವನ ಬೆನ್ನ ಮೇಲೆ ಜೋತಾಡುತ್ತಿದ್ದೆ. "ತಪ್ಪಾತಲೇ ಲಾಳಿ, ತಪ್ಪಾತು" ಅನ್ನುತ್ತಲೇ ಇದ್ದ. ಅವನು ಬೇರೆ ಯಾರ ಮುಂದೆಯೂ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ದವಾಖಾನೆಯ ಕಂಪೌಂಡರ್ ಹಸನಸಾಬ ಅಂಗಾಲಿಗೆ ಮುಲಾಮು ಹಚ್ಚುತ್ತ ಕೇಳಿದ, "ನೀ ಚಪ್ಪಲಿ ಹಾಕ್ಕೊಂಡು ಓಡಿದಿ. ಇದಕ್ಕ ಯಾವ ಅಂಗಡ್ಯಾಗ ಕೊಡಸಿದ್ದಿ?"

ಮಾಲಿಂಗ ಕಾಲಿಂದ ಚಪ್ಪಲಿ ಕಳಚಿ ಬದಿಗೆ ಸರಿಸಿದ.

"ಅಂಗೈ ಡಾಂಬರಿನ ಮ್ಯಾಲಿಟ್ಟು ಹತ್ತು ಎಣಸು. ನಿನಗ ತಡದ್ರ ಇದಕ್ಕೂ ತಡೀತೈತಿ. ಓಡೂ ಮುಂದ ಹೊಟ್ಟಿಗೆ ಹಾಕಬ್ಯಾಡ. ಇನ್ನೂ ಎಲುಬು ಬಲತಿಲ್ಲೋ ತಮ್ಮಾ, ವರ್ಷ ದಾಟೂತನಕ ಬರೇ ನಡಸು. ಇದರ ರಕ್ತದಾಗ ಓಟ ಐತಿ. ಕಟ್ಟಿ ಹಾಕಿದ್ರ ಹಾಸು ಹರೀತೈತಿ, ನಿನ್ನ ಜೋಡಿ ಓಡೂದು ಕಲತ್ರ ಮನ್ಯಾಗ ಉಳೀತೈತಿ."

ಆಮೇಲೆ ನನ್ನ ಕಡೆ ನೋಡಿದ. "ಮತ್ತ ಈ ಹಗ್ಗ ಹಿಂಗ ಬಿಗಿ ಹಿಡೀಬ್ಯಾಡ. ನೀ ಬಿಗಿ ಹಿಡದಿ ಅಂದ್ರ ಎಲ್ಲೋ ಜಗಳ ಐತಿ ಅಂತ ತಿಳಕೋತೈತಿ."

ಅದು ನನಗೆ ಮೊದಲೇ ಗೊತ್ತಿತ್ತು. ಗುರುಪಾದಪ್ಪನ ಮನೆ ಬಂತೆಂದರೆ ಮಾಲಿಂಗನ ಮುಷ್ಟಿ ಕಲ್ಲಾಗುತ್ತಿತ್ತು. ಆ ಸಿಟ್ಟು ನನ್ನೊಳಗಿಂದ ಇಳಿದು ನಾಯಿಯ ಕೊರಳು ಮುಟ್ಟುತ್ತಿತ್ತು. ನಾಯಿ ಹಲ್ಲು ತೋರಿಸಿ ಜಿಗಿಯುತ್ತಿತ್ತು. ಮಂದಿ ನಾಯಿಗೆ ಬೈಯುತ್ತಿದ್ದರು. ಹೇಳೋಣ ಅಂದರೆ ಹಗ್ಗಕ್ಕೆ ಬಾಯಿ ಎಲ್ಲಿದೆ?

ಗಾಯ ಮಾಯಲು ಇಪ್ಪತ್ತು ದಿನ ಹಿಡಿಯಿತು. ಆಮೇಲೆ ಹೊಸ ಪಾಠ ಶುರುವಾಯಿತು. ಸೂರ್ಯ ಹುಟ್ಟುವಾಗ, ರಸ್ತೆ ಬಿಟ್ಟು ಹೊಲದ ಬದುವಿನ ಮಣ್ಣಿನ ಮೇಲೆ. ಜೇಬಿನಲ್ಲಿ ರೊಟ್ಟಿಯ ಚೂರು. ನಾಯಿ ಯಾವಾಗಲೂ ಎಡಕ್ಕೆ. ನಾನು ಬಿಗಿಯಾದರೆ ಮಾಲಿಂಗ ನಿಂತುಬಿಡುತ್ತಿದ್ದ. ಎಳೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಮರದ ಹಾಗೆ ನಿಲ್ಲುತ್ತಿದ್ದ. ಲಾಳಿ ಹಿಂದಿರುಗಿ ನೋಡಿ, ಒಂದು ಹೆಜ್ಜೆ ಬಂದು ನಾನು ಸಡಿಲಾದರೆ ರೊಟ್ಟಿ ಚೂರು ಸಿಗುತ್ತಿತ್ತು. ಮೊದಲ ವಾರ ನಾವು ಬಾಗಿಲಿಂದ ಓಣಿಯ ತುದಿಯ ಹುಣಸೆ ಮರದವರೆಗೂ ಹೋಗಲಿಲ್ಲ. ಓಣಿಯ ಹೆಂಗಸರು, "ಏನೋ ಮಾಲಿಂಗ, ದೇವರ ಪಲ್ಲಕ್ಕಿನೂ ಇದಕ್ಕಿಂತ ಲಗೂ ಹೋಗತೈತಿ" ಅಂತ ನಗುತ್ತಿದ್ದರು.

ವರ್ಷ ತುಂಬಿದ ಮೇಲೆ ಓಟ. ಬದುವಿನ ಮಗ್ಗುಲಿಗೆ ಕರೆಂಟ್ ಕಂಬಗಳ ಸಾಲು. ಅವೇ ಅಳತೆ. ನಾಲ್ಕು ಕಂಬ ನಡಿಗೆ, ಒಂದು ಕಂಬ ಓಟ. ಹದಿನೈದು ದಿನಕ್ಕೆ ಒಂದು ಕಂಬ ಹೆಚ್ಚು. ಆಗ ಗೊತ್ತಾಯಿತು, ಓಡಲು ಬರದವನು ನಾಯಿಯಲ್ಲ, ಮಾಲಿಂಗ. ಹತ್ತು ವರ್ಷ ನೂಲಿನ ಧೂಳು ಕುಡಿದ ಎದೆ. ಎರಡನೇ ಕಂಬಕ್ಕೇ ಕೆಮ್ಮು. ಒಂದು ದಿನ ಕೆಮ್ಮಿ ಕೆಮ್ಮಿ ಬದುವಿನ ಮೇಲೆ ಕುಸಿದು ಕೂತ. ನಾನು ಅವನ ಕೈಯಿಂದ ಜಾರಿ ಮಣ್ಣಿಗೆ ಬಿದ್ದೆ. ಮುಂದೆ ಜೋಳದ ಹೊಲ, ಹೊಲದಲ್ಲಿ ಮೊಲದ ವಾಸನೆ, ಹಿಡಿಯುವವರು ಯಾರೂ ಇಲ್ಲ. ಲಾಳಿ ಹೊಲ ನೋಡಿತು. ಅವನನ್ನು ನೋಡಿತು. ಆಮೇಲೆ ಬಂದು ಅವನ ಪಾದದ ಮೇಲೆ ಕೂತಿತು, ಕೆಮ್ಮು ನಿಲ್ಲುವವರೆಗೂ. ಮಾಲಿಂಗ ಅದರ ಕುತ್ತಿಗೆಗೆ ಮುಖ ಒತ್ತಿಕೊಂಡ. ಅವತ್ತಿನಿಂದ ನನ್ನನ್ನು ಎರಡೇ ಬೆರಳಲ್ಲಿ ಹಿಡಿಯತೊಡಗಿದ.

ಈಗ ನನಗೆ ವಯಸ್ಸಾಗಿದೆ. ಹಸಿರು ಬಣ್ಣ ಮಣ್ಣಿನದಾಗಿದೆ, ನಡುವೆ ಎಳೆ ಬಿಟ್ಟಿದ್ದೇನೆ. ಗುರುಪಾದಪ್ಪನ ಹಾಸು ಕಟ್ಟುವ ಗೂಟಕ್ಕೆ ಸುತ್ತಿಕೊಂಡು ಇದ್ದೇನೆ. ಯಾರನ್ನೂ ಕಟ್ಟಿ ಹಾಕುವ ಕೆಲಸವಿಲ್ಲ. ಹಗ್ಗದ ಬಲ ಬಿಗಿಯುವುದರಲ್ಲಿದೆ ಎಂದು ಹೆಣೆಯುವವರು ಹೇಳುತ್ತಾರೆ. ನನಗೆ ನೆನಪಿರುವುದೆಲ್ಲ ನಾನು ಸಡಿಲಾಗಿದ್ದ ದಿನಗಳೇ. ಇಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳಿ ಮುಗಿಸುತ್ತೇನೆ.

ಮಾಘದ ಒಂದು ಬೆಳಗ್ಗೆ ಹನ್ನೆರಡು ಕಂಬ ಓಡಿ ಓಣಿಗೆ ಬಂದೆವು. ಗುರುಪಾದಪ್ಪ ಕೆಂಪು ಹಾಸು ಎಳೆದು ಗಂಜಿ ತೀಡುತ್ತಿದ್ದ. ಕಟ್ಟೆಯ ಮೇಲೆ ಹಿರಿಯರಿದ್ದರು.

"ಹಗ್ಗದಾಗ ಇದ್ರ ಎಲ್ಲಾ ನಾಯಿನೂ ಸಾಧುನ" ಅಂದ ಗುರುಪಾದಪ್ಪ. "ಗಂಡಸಾಗಿದ್ರ ಬಿಚ್ಚು ನೋಡೂಣು. ಒಂದು ಎಳಿ ಹರದ್ರ ಇವತ್ತ ಹೊಳಿ ದಾಟಸೂದು."

ತಂಗೆವ್ವ ಬಾಗಿಲಲ್ಲಿ ಬಂದು ನಿಂತಳು. "ಬ್ಯಾಡೋ ಮಗನ, ಮನಿಗೆ ಬಾ."

ಮಾಲಿಂಗ ಬಗ್ಗಿ ಲಾಳಿಯ ಕೊರಳಿಂದ ನನ್ನನ್ನು ಬಿಚ್ಚಿದ. ನನ್ನನ್ನು ಗೂಟದ ಮೇಲೆ ಹಾಕಿ, "ಬಾ" ಅಂದು ಹಾಸಿನ ಪಕ್ಕದಲ್ಲೇ ಓಡತೊಡಗಿದ. ಲಾಳಿ ಅವನ ಎಡಕ್ಕೆ, ಎಳೆಗಳಿಂದ ಒಂದು ಗೇಣು ದೂರದಲ್ಲಿ. ಅರ್ಧ ದಾರಿಗೆ ಬೇವಿನ ಮರದಿಂದ ಅಳಿಲೊಂದು ಇಳಿದು ಹಾಸಿನ ಕೆಳಗೆ ಹಾಯ್ದುಹೋಯಿತು. ಲಾಳಿಯ ಕಿವಿ ನೆಟ್ಟಗಾದವು. ಮುಂಗಾಲು ಎದ್ದಿತು. ಕಟ್ಟೆಯ ಮೇಲಿನವರು ಎದ್ದು ನಿಂತರು.

ಮಾಲಿಂಗ ಕೂಗಲಿಲ್ಲ. ಅಂಗೈ ಬಿಚ್ಚಿ ತೊಡೆಗೆ ಮೆಲ್ಲಗೆ ಒಮ್ಮೆ ತಟ್ಟಿದ.

ಎತ್ತಿದ ಕಾಲು ಅಲ್ಲೇ ಇಳಿಯಿತು. ಲಾಳಿ ಅವನ ಮೊಣಕಾಲಿಗೆ ಬಂದು ಸೇರಿತು. ಇಬ್ಬರೂ ಆ ತುದಿ ಮುಟ್ಟಿ ನಿಂತರು. ಒಂದು ಎಳೆಯೂ ಅಲುಗಿರಲಿಲ್ಲ. ಕಟ್ಟೆಯಿಂದ ಒಬ್ಬ ಹಿರಿಯ, "ಇರಲಿ ಬಿಡ್ರೋ ನಾಯಿ, ಓಣ್ಯಾಗ ಇರಲಿ" ಅಂದ.

ನಾನಿದ್ದ ಗೂಟದ ಬಳಿ ನಿಂತಿದ್ದ ಗುರುಪಾದಪ್ಪನಿಗೆ ತಡೆಯಲಿಲ್ಲ. ಕುಂಚ ಎತ್ತಿ ಮಾಲಿಂಗನ ಕಡೆ ತೋರಿಸಿದ. "ನಾಯಿ ಏನೋ ಕಲೀತು. ಈ ಎರಡು ಕಾಲಿಂದು ಯಾವಾಗ ಕಲೀತೈತಿ, ಕೇಳ್ರಿ ಅದನ್ನ!"

ಇಬ್ಬರು ಮೂವರು ನಕ್ಕರು. ನಾನು ಮಾಲಿಂಗನ ಕೈಯನ್ನೇ ನೋಡುತ್ತಿದ್ದೆ. ಬೆರಳು ಒಮ್ಮೆ ಮಡಚಿಕೊಂಡವು. ಆಮೇಲೆ ಆ ಕೈ ಜೇಬಿಗೆ ಹೋಗಿ ರೊಟ್ಟಿಯ ಚೂರು ತೆಗೆಯಿತು. ಲಾಳಿ ತಿಂದು ಅಂಗೈ ನೆಕ್ಕಿತು. ಗುರುಪಾದಪ್ಪ ಉತ್ತರ ಕಾಯುತ್ತ ಕುಂಚ ಹಿಡಿದೇ ನಿಂತಿದ್ದ. ಕುಂಚದ ಗಂಜಿ ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಮಾಲಿಂಗ ನನ್ನನ್ನು ಗೂಟದ ಮೇಲೇ ಬಿಟ್ಟು, ನಾಯಿಯ ಜೊತೆ ಹೆಜ್ಜೆ ಹಾಕುತ್ತ ಆಗಲೇ ಓಣಿಯ ತಿರುವು ದಾಟಿದ್ದ.